ಮೆತ್ತಗಿರಲಿ, ಸಪ್ಪೆಯಾಗದಿರಲಿ: ಹಿರಿಯರಿಗಾಗಿ ಕೊರಿಯಾದ ಎಲೆಕೋಸಿನ ಗುಕ್

ಕೊರಿಯಾದ ಊಟದ ಮೇಜಿನಲ್ಲಿ ಅನ್ನದ ಬಟ್ಟಲು ಎಡಕ್ಕೆ, ಸಾರಿನ ಬಟ್ಟಲು ಬಲಕ್ಕೆ. ಮನೆಯ ಹಿರಿಯರು ಚಮಚ ಎತ್ತಿದ ಮೇಲೆಯೇ ಉಳಿದವರು ಊಟಕ್ಕೆ ಕೈಹಾಕುವುದು ಅಲ್ಲಿನ ರೂಢಿ. ಚಾಪ್‌ಸ್ಟಿಕ್ ಇದ್ದರೂ ಅದು ಪಲ್ಯ, ಕಿಮ್ಚಿಗಳಿಗೆ. ಅನ್ನ ಮತ್ತು ಸಾರು ಎರಡಕ್ಕೂ ಚಮಚವೇ. ಹಲ್ಲು ಸಡಿಲವಾದವರು ಅನ್ನವನ್ನು ಸಾರಿಗೇ ಸುರಿದುಕೊಂಡು ಉಣ್ಣುತ್ತಾರೆ. ಗುಕ್ ಎಂದು ಕರೆಯುವ ಈ ತೆಳು ಸಾರಿಲ್ಲದೆ ಎಷ್ಟೋ ಅಜ್ಜ ಅಜ್ಜಿಯರಿಗೆ ಅನ್ನ ಗಂಟಲಿಗೆ ಇಳಿಯುವುದಿಲ್ಲ.

ವಯಸ್ಸಾದವರಿಗೆ ತರಕಾರಿ ಸಾರು ಮಾಡಿಕೊಡುವುದರಲ್ಲಿ ಏನು ಮಹಾ, ಖಾರ ಬಿಟ್ಟು ಚೆನ್ನಾಗಿ ಬೇಯಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಖಾರ ಬಿಡಬೇಕು, ಬೇಯಿಸಬೇಕು, ನಿಜ. ಆದರೆ ಅಷ್ಟಕ್ಕೇ ನಿಂತರೆ ಸಿಗುವುದು ಆಸ್ಪತ್ರೆಯ ಸಪ್ಪೆ ನೀರು. ಎರಡು ಚಮಚ ಕುಡಿದು ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಈಗ ಇದು ಒಂದೊಂದು ಮನೆಯ ಚಿಂತೆಯಾಗಿ ಉಳಿದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಲ್ಲಿ 65 ದಾಟಿದವರ ಪಾಲು ಜನಸಂಖ್ಯೆಯ ಶೇ. 20ನ್ನು ಮುಟ್ಟಿತು. ಹಿರಿಯರ ಆಹಾರಕ್ಕಾಗಿಯೇ ಆ ದೇಶ ಕೈಗಾರಿಕಾ ಮಾನದಂಡವೊಂದನ್ನು ರೂಪಿಸಿಕೊಂಡಿದೆ. ಹಲ್ಲಿನಲ್ಲಿ ಅಗಿದು ತಿನ್ನುವಂಥದ್ದು, ವಸಡಿನಲ್ಲೇ ಜಜ್ಜಿ ತಿನ್ನುವಂಥದ್ದು, ನಾಲಿಗೆಯಲ್ಲೇ ಒತ್ತಿ ನುಂಗುವಂಥದ್ದು ಎಂದು ಅದರಲ್ಲಿ ಮೂರು ಹಂತಗಳಿವೆ. ಮನೆಯ ಅಡುಗೆಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ಸಾರು ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ: ಉಣ್ಣುವವರಿಗೆ ಇವತ್ತು ಕೆಲಸಕ್ಕೆ ಬರುವುದು ಹಲ್ಲೋ, ವಸಡೋ, ನಾಲಿಗೆಯೋ?

ಉದಾಹರಣೆಗೆ ಒಂದೇ ಸಾರನ್ನು ತೆಗೆದುಕೊಳ್ಳೋಣ: ಬೇಚು ದ್ವೆಂಜಾಂಗ್ ಗುಕ್. ಬೇಚು ಎಂದರೆ ಕಿಮ್ಚಿಗೆ ಬಳಸುವ ಉದ್ದನೆಯ ಚೀನಾ ಎಲೆಕೋಸು. ದ್ವೆಂಜಾಂಗ್ ಎಂದರೆ ಹುದುಗಿಸಿದ ಸೋಯಾಕಾಳಿನ ಹಿಟ್ಟು. ಇದೇ ಹಿಟ್ಟಿನಿಂದ ಜಿಗೆ ಎಂಬ ಇನ್ನೊಂದು ಅಡುಗೆಯನ್ನೂ ಮಾಡುತ್ತಾರೆ. ಹೊರಗಿನವರು ಎರಡನ್ನೂ ಸೂಪ್ ಎಂದೇ ಕರೆದುಬಿಡುತ್ತಾರಾದರೂ ಹಿರಿಯರ ಮಟ್ಟಿಗೆ ಅವುಗಳ ನಡುವಿನ ಅಂತರ ದೊಡ್ಡದು. ಜಿಗೆ ಗಟ್ಟಿ, ಉಪ್ಪು ಹೆಚ್ಚು, ಖಾರವೂ ಇರುತ್ತದೆ. ಮಣ್ಣಿನ ಪಾತ್ರೆಯಲ್ಲಿ ಕುದಿಯುತ್ತಿರುವಂತೆಯೇ ಮೇಜಿಗೆ ಬರುತ್ತದೆ, ಎಲ್ಲರೂ ಸ್ವಲ್ಪ ಸ್ವಲ್ಪವೇ ಹಂಚಿಕೊಳ್ಳುತ್ತಾರೆ. ಗುಕ್ ಅದಕ್ಕಿಂತ ತೆಳು, ಉಪ್ಪು ಕಡಿಮೆ, ತಲೆಗೊಂದು ಬಟ್ಟಲು. ನಮ್ಮ ಬಸ್ಸಾರಿನಿಂದ ಒಗ್ಗರಣೆಯನ್ನೂ ಖಾರವನ್ನೂ ತೆಗೆದು, ಸೊಪ್ಪನ್ನು ಬಸಿಯದೆ ಸಾರಿನಲ್ಲೇ ಬಿಟ್ಟರೆ ಹೇಗಿರಬಹುದೋ ಅದರ ಆಸುಪಾಸಿನ ಅಡುಗೆ ಇದು. ಒಗ್ಗರಣೆ ಇಲ್ಲದ ಮೇಲೆ ರುಚಿ ಎಲ್ಲಿಂದ ಬರುತ್ತದೆ ಎಂದರೆ, ನೀರಿನಿಂದ. ಹಾಗಾಗಿ ನೀರಿನಿಂದಲೇ ಆರಂಭಿಸಬೇಕು.

ಕೊರಿಯಾದ ಅಡುಗೆಮನೆಗಳಲ್ಲಿ ಈ ಸಾರಿಗೆ ಬಹಳ ಕಾಲದಿಂದ ಬಳಸುತ್ತ ಬಂದಿರುವುದು ಅಕ್ಕಚ್ಚು. ಅಕ್ಕಿಯನ್ನು ಮೊದಲ ಸಲ ತೊಳೆದ ನೀರಿನಲ್ಲಿ ದೂಳು, ತೌಡು ಇರುವುದರಿಂದ ಅದನ್ನು ಚೆಲ್ಲುತ್ತಾರೆ. ಎರಡನೆಯ, ಮೂರನೆಯ ಸಲ ಕೈಯಿಂದ ಸ್ವಲ್ಪ ಉಜ್ಜಿ ತೊಳೆದಾಗ ಬರುವ ಬೆಳ್ಳನೆಯ ನೀರನ್ನು ಎತ್ತಿಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದು ನೇರವಾಗಿ ದನದ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಅಲ್ಲಿ ಸಾರಿನ ಪಾತ್ರೆಗೆ ಹೋಗುತ್ತದೆ. ಅದರಲ್ಲಿರುವ ಅಕ್ಕಿಯ ಪಿಷ್ಟ ಕುದಿಯುವಾಗ ಅರಳಿ, ನೀರಿಗೆ ಗೊತ್ತಾಗದಷ್ಟು ಮಂದತನ ಕೊಡುತ್ತದೆ. ದ್ವೆಂಜಾಂಗ್‌ನ ಕಣಗಳು ಬೇಗನೆ ತಳಕ್ಕೆ ಕೂರುವುದಿಲ್ಲ, ಹುದುಗಿನ ಘಾಟು ಇಳಿಯುತ್ತದೆ. ನೀರು ಹಾಕಿದ ಸಾರಿಗೂ ಅಕ್ಕಚ್ಚು ಹಾಕಿದ ಸಾರಿಗೂ ನಾಲಿಗೆಯ ಮೇಲೆ ಆಗುವ ವ್ಯತ್ಯಾಸ ಮೊದಲ ಗುಟುಕಿಗೇ ತಿಳಿಯುತ್ತದೆ.

ಈ ನೀರಿಗೆ ಸಾಮಾನ್ಯವಾಗಿ ಒಣಗಿಸಿದ ಚಿಕ್ಕ ಮೀನು ಮತ್ತು ದಾಶಿಮಾ ಎಂಬ ಅಗಲ ಎಲೆಯ ಕಡಲಪಾಚಿ ಹಾಕುತ್ತಾರೆ. ಮೀನು ಬೇಡದವರು ಒಣಗಿದ ಶೀಟಾಕೆ ಅಣಬೆ ಹಾಕುತ್ತಾರೆ. ಬೌದ್ಧ ಮಠಗಳ ಅಡುಗೆಯಲ್ಲಿ ಇದೇ ಜೋಡಿ. ಕಡಲಪಾಚಿಯ ರುಚಿಯ ಮೂಲ ಗ್ಲುಟಮೇಟ್ ಎಂದು ಟೋಕಿಯೊದಲ್ಲಿ ಕಿಕುನೆ ಇಕೆದಾ ಗುರುತಿಸಿ ಅದಕ್ಕೆ ಉಮಾಮಿ ಎಂದು ಹೆಸರಿಟ್ಟದ್ದು 1908ರಲ್ಲಿ. ಒಣ ಅಣಬೆಯಲ್ಲಿರುವುದು ಗ್ವಾನಿಲೇಟ್ ಎಂಬ ಬೇರೊಂದು ವಸ್ತು. ಇವೆರಡೂ ಸೇರಿದಾಗ ರುಚಿ ಬರಿಯ ಕೂಡಿಕೆಯಾಗಿ ನಿಲ್ಲದೆ ಹಲವು ಪಟ್ಟು ಏರುತ್ತದೆ. ಹಿರಿಯರ ಸಾರಿನಲ್ಲಿ ಇದು ಶೋಕಿಯ ಮಾತಲ್ಲ. ವಯಸ್ಸಾದಂತೆ ಮೂಗಿನ ವಾಸನೆಯ ಶಕ್ತಿ ಕುಂದುತ್ತದೆ, ಅದರೊಂದಿಗೆ ರುಚಿಯೂ ಮಂಕಾಗುತ್ತದೆ. ರಕ್ತದೊತ್ತಡದ್ದೋ ನಿದ್ದೆಯದ್ದೋ ಮಾತ್ರೆಗಳಿಂದ ಬಾಯಿ ಒಣಗಿದರೆ ಇನ್ನೂ ಹೆಚ್ಚು. "ಉಪ್ಪೇ ಹಾಕಿಲ್ಲವೇನಮ್ಮಾ" ಎಂಬ ದೂರಿನ ಹಿಂದೆ ಇರುವುದು ಹಟವಲ್ಲ, ಶರೀರ. ಉಮಾಮಿ ಚೆನ್ನಾಗಿದ್ದರೆ ಕಡಿಮೆ ಉಪ್ಪಿನಲ್ಲೂ ಸಾರು ತುಂಬಿದ ರುಚಿ ಕೊಡುತ್ತದೆ.

ನಾಲ್ಕು ಬಟ್ಟಲಿಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಅಕ್ಕಚ್ಚು, ಅಂಗೈಯ ಅರ್ಧದಷ್ಟು ದಾಶಿಮಾ, ಮೂರು ಒಣ ಅಣಬೆ ಸಾಕು. ಅಣಬೆಯನ್ನು ಕೆಲವು ಗಂಟೆ ತಣ್ಣೀರಿನಲ್ಲಿ ನೆನೆಸಿ, ಆ ನೀರನ್ನೂ ಸೇರಿಸಬೇಕು. ಪಾಚಿಯ ಮೇಲಿನ ಬಿಳಿ ಪುಡಿ ಬೂಷ್ಟಲ್ಲ. ತೊಳೆದುಹಾಕದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ತಣ್ಣನೆಯ ನೀರಿಗೇ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬಂದು ಹತ್ತು ನಿಮಿಷದೊಳಗೆ ಪಾಚಿಯನ್ನು ತೆಗೆದುಬಿಡಬೇಕು. ಬಿಟ್ಟರೆ ಲೋಳೆಯಾಗುತ್ತದೆ, ಕಹಿಯೂ ಬರುತ್ತದೆ. ಥೈರಾಯ್ಡ್ ತೊಂದರೆ ಇರುವವರ ಮನೆಯಲ್ಲಿ ಇಲ್ಲಿ ಒಂದು ಎಚ್ಚರ ಬೇಕು. ದಾಶಿಮಾದಲ್ಲಿ ಅಯೋಡಿನ್ ವಿಪರೀತ. ಅದು ನೀರಿಗೆ ಇಳಿಯುವುದರಿಂದ, ಪಾಚಿಯನ್ನು ತೆಗೆದೆಸೆದ ಮಾತ್ರಕ್ಕೆ ಹೋಗುವುದಿಲ್ಲ. ಅಂಥವರಿಗೆ ಅಣಬೆ ಮತ್ತು ಮೂಲಂಗಿಯ ನೀರೊಂದೇ ಸಾಕು.

ಇನ್ನು ದ್ವೆಂಜಾಂಗ್. ಸೋಯಾಕಾಳನ್ನು ಬೇಯಿಸಿ, ಜಜ್ಜಿ, ‘ಮೆಜು’ ಎಂಬ ಇಟ್ಟಿಗೆಯಾಕಾರದ ಮುದ್ದೆಗಳನ್ನು ಮಾಡಿ, ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುತ್ತಾರೆ. ಹುಲ್ಲಿನಲ್ಲಿರುವ ಬ್ಯಾಸಿಲಸ್ ಬ್ಯಾಕ್ಟೀರಿಯಾ, ಗಾಳಿಯ ಶಿಲೀಂಧ್ರಗಳು ಅದರಲ್ಲಿ ನೆಲೆಸುತ್ತವೆ. ಆಮೇಲೆ ಅವನ್ನು ದೊಡ್ಡ ಮಣ್ಣಿನ ಹರವಿಗಳಲ್ಲಿ ಉಪ್ಪುನೀರಿಗೆ ಹಾಕಿಡುತ್ತಾರೆ. ತಿಂಗಳುಗಳ ನಂತರ ಬೇರ್ಪಡಿಸಿದ ಕಪ್ಪು ನೀರು ಸಾರಿನ ಸೋಯಾಸಾಸ್ ಆಗುತ್ತದೆ. ಉಳಿದ ಗಟ್ಟಿಯೇ ದ್ವೆಂಜಾಂಗ್. ಜಾಂಗ್ ಎಂದು ಒಟ್ಟಾಗಿ ಕರೆಯುವ ಇಂಥ ಹುದುಗಿಸಿದ ಸೋಯಾ ಪದಾರ್ಥಗಳ ತಯಾರಿಕೆಯ ಪರಂಪರೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಹುದುಗುವಾಗ ಸೋಯಾದ ಪ್ರೋಟೀನ್ ಚೂರಾಗಿ ಅಮೈನೊ ಆಮ್ಲಗಳಾಗುವುದರಿಂದ ಇದರಲ್ಲೂ ಗ್ಲುಟಮೇಟ್ ಧಾರಾಳ.

ಉಪ್ಪೂ ಧಾರಾಳ. ನೂರು ಗ್ರಾಂ ದ್ವೆಂಜಾಂಗ್‌ನಲ್ಲಿ ಸುಮಾರು 10ರಿಂದ 13 ಗ್ರಾಂ ಉಪ್ಪಿರುತ್ತದೆ. ಮನೆಯಲ್ಲಿ ಮಾಡಿದ್ದರಲ್ಲಿ ಅದಕ್ಕಿಂತಲೂ ಹೆಚ್ಚಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಒಳಗೆ. ಒಂದೂವರೆ ದೊಡ್ಡ ಚಮಚ ದ್ವೆಂಜಾಂಗ್ ಸುಮಾರು 27 ಗ್ರಾಂ ತೂಗುತ್ತದೆ. ಅದರಲ್ಲಿರುವ ಉಪ್ಪು ಹೆಚ್ಚುಕಡಿಮೆ 3 ಗ್ರಾಂ. ನಾಲ್ಕು ಬಟ್ಟಲಿಗೆ ಹಂಚಿದರೆ ತಲಾ ಮುಕ್ಕಾಲು ಗ್ರಾಂ. ಬೇರೆ ಉಪ್ಪು ಹಾಕದಿದ್ದರೆ ಇದು ಒಪ್ಪುವ ಲೆಕ್ಕ. ಎಡವುವುದು ಕೊನೆಯಲ್ಲಿ: ಕುದಿಯುವ ಸಾರನ್ನು ರುಚಿ ನೋಡಿ, ಸಾಲದು ಎನ್ನಿಸಿ, ಇನ್ನೊಂದು ಚಮಚ ಹಾಕುವಲ್ಲಿ. ನಾಲಿಗೆ ಸುಡುವಷ್ಟು ಬಿಸಿಯಲ್ಲಿ ಉಪ್ಪು ಸರಿಯಾಗಿ ತಿಳಿಯುವುದಿಲ್ಲ. ಚಿಕ್ಕ ಬಟ್ಟಲಿಗೆ ತೆಗೆದು, ಆರಿಸಿ, ಆಮೇಲೆ ತೀರ್ಮಾನಿಸಬೇಕು.

ದ್ವೆಂಜಾಂಗ್ ಬೆರೆಸುವ ಕ್ರಮ ನೋಡಲು ಚೆಂದ. ಸೌಟಿನಗಲದ ಜಾಲರಿಯನ್ನು ಕುದಿಯುವ ನೀರಿನಲ್ಲಿ ಅರ್ಧ ಮುಳುಗಿಸಿ ಹಿಡಿದು, ಅದರೊಳಗೆ ಹಿಟ್ಟು ಹಾಕಿ ಚಮಚದ ಬೆನ್ನಿನಿಂದ ಉಜ್ಜುತ್ತಾರೆ. ಕಂದು ಬಣ್ಣ ಜಾಲರಿಯ ತಳದಿಂದ ಎಳೆಎಳೆಯಾಗಿ ಇಳಿಯುತ್ತದೆ. ಕೊನೆಗೆ ಜಾಲರಿಯಲ್ಲಿ ಉಳಿಯುವುದು ಸೋಯಾಕಾಳಿನ ಸಿಪ್ಪೆ, ಅಲ್ಲೊಂದು ಇಲ್ಲೊಂದು ಒಡೆಯದ ಅರ್ಧ ಕಾಳು. ಹರೆಯದವರು ಉಣ್ಣುವ ಮನೆಯಲ್ಲಿ ಅದನ್ನೂ ಪಾತ್ರೆಗೇ ಕೊಡವಿದರೆ ನಷ್ಟವಿಲ್ಲ. ಕಟ್ಟಿಸಿದ ಹಲ್ಲಿನವರಿಗೆ ಬಡಿಸುವುದಾದರೆ ಅದು ಪಾತ್ರೆಗೆ ಬೀಳಲೇಬಾರದು. ಆ ತೆಳು ಸಿಪ್ಪೆ ದಂತಪಂಕ್ತಿಯ ಅಡಿಗೆ ಸೇರಿ ವಸಡಿಗೆ ಒತ್ತಿದರೆ ಊಟ ಅಲ್ಲಿಗೇ ಮುಗಿಯಿತು. ಜಪಾನಿನ ಮಿಸೊ ಬಳಸಿ ಅಭ್ಯಾಸವಿರುವವರು ಇಲ್ಲಿ ಗಮನಿಸಬೇಕು: ಮಿಸೊವನ್ನು ಕೊನೆಯಲ್ಲಿ ಹಾಕಿ ಕುದಿಸದೆ ಇಳಿಸುತ್ತಾರೆ, ದ್ವೆಂಜಾಂಗ್ ಕುದಿದಷ್ಟೂ ಪಳಗುತ್ತದೆ. ತರಕಾರಿಯ ಜೊತೆಗೇ ಅರ್ಧ ಗಂಟೆ ಬೆಂದರೂ ಅದಕ್ಕೇನೂ ಆಗದು. ಎಲೆಕೋಸು ಚೆನ್ನಾಗಿ ಮೆತ್ತಗಾಗುವವರೆಗೂ ಕಾಯಬಹುದು ಎಂಬುದೇ ಈ ಸಾರು ಹಿರಿಯರಿಗೆ ಹೊಂದುವುದಕ್ಕೆ ಒಂದು ಕಾರಣ.

ತರಕಾರಿಯಲ್ಲಿ ಎಷ್ಟು ಹೊತ್ತು ಬೇಯಿಸಿದಿರಿ ಎನ್ನುವುದಕ್ಕಿಂತ ಹೇಗೆ ಹೆಚ್ಚಿದಿರಿ ಎನ್ನುವುದು ಮುಖ್ಯ. ಬೇಚುವಿನ ಎಲೆಯಲ್ಲಿ ದಪ್ಪನೆಯ ಬಿಳಿ ದಂಟು, ಅದರ ಎರಡೂ ಬದಿಗೆ ತೆಳು ಹಸಿರು. ನಾರು ಹೋಗುವುದು ಉದ್ದಕ್ಕೆ. ಎಲೆಯನ್ನು ಉದ್ದುದ್ದ ಸೀಳಿದರೆ ಎಷ್ಟು ಬೇಯಿಸಿದರೂ ನಾರು ತುಂಡಾಗುವುದಿಲ್ಲ. ಎಲೆಯ ಒಂದು ತುದಿ ಗಂಟಲಿಗೆ ಇಳಿದು ಇನ್ನೊಂದು ತುದಿ ನಾಲಿಗೆಯ ಮೇಲೇ ಉಳಿಯುತ್ತದೆ. ಅದು ಕೆಮ್ಮು ತರಿಸುವ ಸ್ಥಿತಿ. ದಂಟನ್ನು ನಡುವೆ ಒಮ್ಮೆ ಸೀಳಿ, ಆಮೇಲೆ ಅಡ್ಡಡ್ಡಲಾಗಿ ಬೆರಳಗಲಕ್ಕಿಂತ ಸಣ್ಣಗೆ ಹೆಚ್ಚಬೇಕು. ಆಗ ಪ್ರತಿ ನಾರೂ ಒಂದು ಸೆಂಟಿಮೀಟರಿಗಿಂತ ಉದ್ದ ಇರುವುದಿಲ್ಲ. ದಂಟಿನ ತುಂಡುಗಳನ್ನು ಮೊದಲು ಹಾಕಿ, ಹಸಿರನ್ನು ಐದಾರು ನಿಮಿಷ ಬಿಟ್ಟು ಹಾಕಿ, ಒಟ್ಟು ಇಪ್ಪತ್ತೈದು ಮೂವತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಬೇಕು. ನಾಲ್ಕು ಬಟ್ಟಲಿಗೆ 250 ಗ್ರಾಂ ಎಲೆಕೋಸು ಸಾಕಾಗುತ್ತದೆ.

ಮೂಲಂಗಿಯನ್ನು ಎರಡು ಮೂರು ಮಿಲಿಮೀಟರ್ ದಪ್ಪದ, ಒಂದೂವರೆ ಸೆಂಟಿಮೀಟರ್ ಅಗಲದ ಚೌಕ ಬಿಲ್ಲೆಗಳಾಗಿ ಹೆಚ್ಚುವುದು ಕೊರಿಯಾದ ಪದ್ಧತಿ. ಬಿಲ್ಲೆ ಬೆಂದಾಗ ಬಿಳಿ ಹೋಗಿ ಗಾಜಿನಂತೆ ಪಾರದರ್ಶಕವಾಗುತ್ತದೆ. ಅಷ್ಟಕ್ಕೇ ಬೆಂದಿತು ಎಂದುಕೊಳ್ಳಬಾರದು. ಬಿಲ್ಲೆಯನ್ನು ಬಟ್ಟಲಿನ ಗೋಡೆಗೆ ಇಟ್ಟು ಚಮಚದ ಬೆನ್ನಿನಿಂದ ಒತ್ತಬೇಕು. ಜಾರಿ ತಪ್ಪಿಸಿಕೊಂಡರೆ ಅದಕ್ಕೆ ಇನ್ನೂ ಹಲ್ಲು ಬೇಕು. ಒತ್ತಿದಲ್ಲೇ ಎರಡು ಹೋಳಾದರೆ ವಸಡು ಸಾಕು. ಹಿಟ್ಟಾಗಿ ಹರಡಿದರೆ ನಾಲಿಗೆಯೇ ಸಾಕು. ಮೂಲಂಗಿ ಜೀರ್ಣಕ್ಕೆ ಒಳ್ಳೆಯದು ಎಂಬ ನಂಬಿಕೆ ಕೊರಿಯಾದಲ್ಲಿ ಗಟ್ಟಿಯಾಗಿದೆ. ಹಸಿ ಮೂಲಂಗಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುವುದು ಹೌದು, ಆದರೆ ಕುದಿಯುವ ಸಾರಿನಲ್ಲಿ ಅದು ಉಳಿಯುವುದಿಲ್ಲ. ಸಾರಿಗೆ ಮೂಲಂಗಿ ಹಾಕಬೇಕಾದದ್ದು ಅದರ ಸಿಹಿಗಾಗಿ, ಮೆದುವಿಗಾಗಿ.

ಕಾಲಕ್ಕೆ ತಕ್ಕಂತೆ ಸೊಪ್ಪು ಬದಲಾಗುತ್ತದೆ. ಪಾಲಕ್ ಹಾಕುವುದಾದರೆ ಮೊದಲು ಬೇರೆ ನೀರಿನಲ್ಲಿ ಒಂದು ಕುದಿ ಬರಿಸಿ ಹಿಂಡಿ ಹಾಕುತ್ತಾರೆ. ಆಕ್ಸಲೇಟ್ ಬಹಳಷ್ಟು ಆ ನೀರಿಗೆ ಹೋಗುತ್ತದೆ. ಶರತ್ಕಾಲದಲ್ಲಿ ಆಉಕ್ ಎಂಬ ಸೊಪ್ಪಿನ ಗುಕ್ ಮಾಡುತ್ತಾರೆ. ಶರತ್ಕಾಲದ ಆಉಕ್ ಸಾರನ್ನು ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ ಎಂದು ಅಲ್ಲೊಂದು ಗಾದೆಯೇ ಇದೆ. ಅಳಿಯನಿಗೆ ಮಾತ್ರ ಬಡಿಸುತ್ತಾರೆ ಎಂದು ಇನ್ನೊಂದು. ಅಳಿಯನ ವಿಚಾರದಲ್ಲಿ ಅತ್ತೆಯರು ಎಲ್ಲ ಕಡೆ ಒಂದೇ. ಆ ಸೊಪ್ಪಿನ ದಂಟಿನ ಸಿಪ್ಪೆ ಸುಲಿದು, ಎಲೆಗಳನ್ನು ನೀರಿನಲ್ಲಿ ಹಸಿರು ನೊರೆ ಬಿಡುವಷ್ಟು ಉಜ್ಜಿ ತೊಳೆಯುತ್ತಾರೆ. ಒಗರು ಹೋಗುವುದಕ್ಕೆ ಮಾಡುವ ಈ ಕೆಲಸದಿಂದ ಎಲೆಯ ನಾರೂ ಮುರಿಯುತ್ತದೆ. ಬೆಂದ ಮೇಲೆ ಆಉಕ್ ತುಸು ಲೋಳೆಯಾಗುವುದರಿಂದ ಒಣಗಿದ ಬಾಯಿಗೆ ಸುಲಭವಾಗಿ ಜಾರುತ್ತದೆ.

ಬರಿಯ ತರಕಾರಿ ಸಾರಿನಿಂದ ಹೊಟ್ಟೆ ತುಂಬಿದಂತೆ ಅನ್ನಿಸುತ್ತದೆ, ಸ್ನಾಯುಗಳಿಗೆ ಏನೂ ಸಿಗುವುದಿಲ್ಲ. ವಯಸ್ಸಾದವರಿಗೆ ಪ್ರೋಟೀನ್ ಅಗತ್ಯ ಇಳಿಯುತ್ತದೆ ಎಂದುಕೊಂಡವರು ಬಹಳ. ಮೂತ್ರಪಿಂಡ ಸರಿಯಿರುವ ಹಿರಿಯರಿಗೆ ತೂಕದ ಪ್ರತಿ ಕಿಲೊಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂಬುದು ಈಗಿನ ತಜ್ಞರ ಸಲಹೆ. ಅದಕ್ಕೇ ತೋಫು, ಅಂದರೆ ಸೋಯಾ ಹಾಲಿನ ಪನೀರು. ಗಟ್ಟಿ ತೋಫುವಿನಲ್ಲಿ ನೂರು ಗ್ರಾಂಗೆ ಸುಮಾರು 8 ಗ್ರಾಂ ಪ್ರೋಟೀನ್, ಮೊಸರಿನಷ್ಟು ಮೆದುವಾದುದರಲ್ಲಿ 5ರ ಆಸುಪಾಸು. ಹಲ್ಲಿಲ್ಲದವರಿಗೆ ಎರಡನೆಯದೇ ಸರಿ. ಕೊನೆಯ ಐದು ನಿಮಿಷಕ್ಕೆ ಚಮಚದಿಂದ ತೋಡಿ ಹಾಕಬೇಕು. ಮೊಟ್ಟೆ ತಿನ್ನುವವರಾದರೆ ಕಡೆದ ಮೊಟ್ಟೆಯನ್ನು ಎಳೆಯಾಗಿ ಸುರಿಯಬಹುದು.

ದುಲ್ಕೆ ಎಂಬ ಎಣ್ಣೆಕಾಳಿನ ಪುಡಿ ಹಾಕುವುದೂ ಉಂಟು. ಇಂಗ್ಲಿಷಿನಲ್ಲಿ ಪೆರಿಲ್ಲಾ ಎನ್ನುವ ಇದು ನಮ್ಮ ಎಳ್ಳೂ ಅಲ್ಲ, ಹುಚ್ಚೆಳ್ಳೂ ಅಲ್ಲ. ತುಳಸಿ, ಪುದೀನದ ಕುಲದ ಗಿಡ. ಭಾರತದಲ್ಲಿ ಉತ್ತರಾಖಂಡ, ಮಣಿಪುರದ ಕಡೆ ಬೆಳೆಯುತ್ತಾರೆ. ಇದರ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಕೊಬ್ಬು. ಸಿಪ್ಪೆ ತೆಗೆದ ಕಾಳಿನ ಪುಡಿಯನ್ನೇ ತರಬೇಕು. ಸಿಪ್ಪೆ ಇದ್ದರೆ ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಎರಡು ಚಮಚ ಪುಡಿ ಬಿದ್ದರೆ ಸಾರು ಹಾಲಿನಷ್ಟು ಬೆಳ್ಳಗಾಗಿ ಮಂದವಾಗುತ್ತದೆ. ಬೆಳ್ಳುಳ್ಳಿ ಜಜ್ಜಿ ಅರ್ಧ ಚಮಚ ಹಾಕಿದರೆ ಸಾಕು. ಮಠದ ಅಡುಗೆಯಲ್ಲಿ ಅದೂ ಇಲ್ಲ: ಬೆಳ್ಳುಳ್ಳಿ, ಈರುಳ್ಳಿ ಜಾತಿಯವುಗಳ ಜೊತೆಗೆ ಅಲ್ಲಿನ ನಿಷೇಧದ ಪಟ್ಟಿಯಲ್ಲಿ ಇಂಗೂ ಇದೆ. ಕೊರಿಯಾದಲ್ಲಿ ಬೆಳೆಯದ, ಅಲ್ಲಿನ ಮನೆಗಳಲ್ಲಿ ಬಳಸದ ವಸ್ತುವೊಂದು ಬೌದ್ಧ ಗ್ರಂಥಗಳ ಜೊತೆ ಭಾರತದ ಕಡೆಯಿಂದ ಹೋಗಿ ಪಟ್ಟಿಯಲ್ಲಿ ಕುಳಿತಿದೆ.

ಈಗ ಎಲ್ಲಕ್ಕಿಂತ ತೊಡಕಿನ ಭಾಗ, ನುಂಗುವುದು. ನಾವು ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೇರಿ ಶ್ವಾಸನಾಳ ಮುಚ್ಚಿಕೊಳ್ಳುತ್ತದೆ. ವಯಸ್ಸಾದಂತೆ ಈ ಕ್ರಿಯೆ ಒಂದು ಕ್ಷಣ ತಡವಾಗಿ ಆರಂಭವಾಗುತ್ತದೆ. ಪಾರ್ಶ್ವವಾಯು, ಪಾರ್ಕಿನ್ಸನ್ ಇದ್ದವರಲ್ಲಿ ಇನ್ನೂ ತಡ. ಗಂಜಿ ನಿಧಾನವಾಗಿ ಹೋಗುತ್ತದೆ, ಕಾಯಬಲ್ಲದು. ನೀರು ಕಾಯುವುದಿಲ್ಲ. ತೆಳು ಸಾರು ಬಾಗಿಲು ಮುಚ್ಚುವ ಮೊದಲೇ ಅಲ್ಲಿ ಬಂದಿರುತ್ತದೆ. ಸಾರಿನಲ್ಲಿ ತುಂಡುಗಳೂ ಇದ್ದರೆ ತೊಂದರೆ ಎರಡು ಪಟ್ಟು: ತುಂಡನ್ನು ಅಗಿಯುತ್ತಿರುವಾಗಲೇ ನೀರು ಹಿಂದಕ್ಕೆ ಜಾರುತ್ತದೆ. ಅನ್ನವನ್ನು ಸಾರಿಗೆ ಸುರಿದುಕೊಂಡು ಉಣ್ಣುವ ಅಭ್ಯಾಸ ಗಟ್ಟಿಮುಟ್ಟಾದ ಅಜ್ಜನಿಗೆ ಹಿತವಾದರೂ ನುಂಗುವ ತೊಂದರೆ ಇರುವವರಿಗೆ ಅಪಾಯಕ್ಕೆ ದಾರಿ. ಊಟದ ನಡುವೆ ಪದೇ ಪದೇ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ನೀರು ನಿಂತಂಥ ದನಿ, ಕಾರಣವಿಲ್ಲದೆ ಮರುಕಳಿಸುವ ಜ್ವರ ಕಂಡರೆ ಅಡುಗೆ ಬದಲಿಸುವುದಕ್ಕಿಂತ ಮೊದಲು ವೈದ್ಯರಿಗೆ ತೋರಿಸಬೇಕು. ಅವರು ಪರೀಕ್ಷಿಸಿ ಎಷ್ಟು ಮಂದ ಇರಬೇಕು ಎಂದು ಹೇಳಿದ ಮೇಲೆ, ಇದೇ ಸಾರನ್ನು ತರಕಾರಿ, ತೋಫು, ಸ್ವಲ್ಪ ಅನ್ನದ ಸಮೇತ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಿ ಒಂದೇ ಹದಕ್ಕೆ ತರಬಹುದು. ದುಲ್ಕೆ ಪುಡಿಯ ಮಂದತನವನ್ನು ಮಾತ್ರ ನಂಬಿ ಕೂರಬಾರದು.

ನುಂಗುವ ತೊಂದರೆ ಇಲ್ಲದವರಿಗೂ ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡುವುದು ಒಳ್ಳೆಯದು. ಕೊರಿಯಾದ ಚಮಚ ಹೆಚ್ಚು ಆಳವಿಲ್ಲದ್ದು, ಒಂದು ಸಲಕ್ಕೆ ಹಿಡಿಯುವುದೇ ಕಡಿಮೆ. ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬಟ್ಟಲು ಪಿಂಗಾಣಿಯದಿರಲಿ. ಮಣ್ಣಿನ ಪಾತ್ರೆಯಲ್ಲಿ ಸಾರು ಮೇಜಿನ ಮೇಲೂ ಕೊತಕೊತ ಕುದಿಯುತ್ತಿರುತ್ತದೆ. 65 ಡಿಗ್ರಿ ದಾಟಿದ ಬಿಸಿ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿತು. ಸುಡುವ ಸಾರನ್ನೂ ಅದೇ ಸಾಲಿಗೆ ಸೇರಿಸಿ ಎಚ್ಚರ ವಹಿಸುವುದು ಮೇಲು.

ಮಾತ್ರೆಗಳ ವಿಷಯ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಬಿಡಬೇಕಿಲ್ಲ. ಒಂದು ವಾರ ಬಟ್ಟಲುಗಟ್ಟಲೆ, ಇನ್ನೊಂದು ವಾರ ಸೊನ್ನೆ ಎಂದು ಏರುಪೇರು ಮಾಡಬಾರದು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಇರುವವರಿಗೆ ತರಕಾರಿಯನ್ನು ಬೇರೆ ನೀರಿನಲ್ಲಿ ಬೇಯಿಸಿ, ಬಸಿದು, ಆಮೇಲೆ ಸಾರಿಗೆ ಹಾಕಬೇಕು. ಸಾರಿನ ನೀರನ್ನು ಎಷ್ಟು ಕುಡಿಯಬಹುದು ಎಂಬುದನ್ನು ವೈದ್ಯರನ್ನೇ ಕೇಳಬೇಕು.

ಬೆಂಗಳೂರಿನಲ್ಲಿ ಕೊರಿಯಾದ ದಿನಸಿ ಮಾರುವ ಅಂಗಡಿಗಳಿವೆ, ಅಂತರ್ಜಾಲದಲ್ಲೂ ದ್ವೆಂಜಾಂಗ್ ಸಿಗುತ್ತದೆ. ಕೊಳ್ಳುವ ಮೊದಲು ಡಬ್ಬಿಯ ಹಿಂಬದಿ ಓದಿ: ಕಾರ್ಖಾನೆಯಲ್ಲಿ ಮಾಡಿದ ಹಲವದರಲ್ಲಿ ಗೋಧಿ ಇರುತ್ತದೆ, ಕೆಲವದರಲ್ಲಿ ಮೀನಿನ ಸಾರವೂ. ಚೀನಾ ಎಲೆಕೋಸು ಸಿಗದಿದ್ದರೆ ನಮ್ಮ ದುಂಡು ಎಲೆಕೋಸಿನ ಒಳಗಿನ ಎಳೆ ಪದರಗಳನ್ನು ಹಾಕಬಹುದು, ಇನ್ನೂ ಹತ್ತು ನಿಮಿಷ ಹೆಚ್ಚು ಬೇಯಿಸಿ. ಒಣ ಅಣಬೆಯ ತುಂಡುಗಳನ್ನು ಹಿರಿಯರ ಬಟ್ಟಲಿಗೆ ಹಾಕಬೇಡಿ. ಎಷ್ಟು ಬೆಂದರೂ ಅದು ರಬ್ಬರಿನ ಗುಣ ಬಿಡುವುದಿಲ್ಲ.

ಉಳಿದ ಸಾರನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಎರಡು ಮೂರು ದಿನ ಇಡಬಹುದು. ಮರುದಿನ ಎಲೆಕೋಸು ಇನ್ನಷ್ಟು ಮೆತ್ತಗಾಗಿ ರುಚಿಯೂ ಕೂಡಿಕೊಂಡಿರುತ್ತದೆ. ಆದರೆ ಮತ್ತೆ ಕುದಿಸುವಾಗ ನೀರು ಆವಿಯಾಗಿ ಉಪ್ಪು ಏರುತ್ತದೆ. ಆ ದಿನದ ಅಕ್ಕಿ ತೊಳೆದ ಎರಡನೆಯ ನೀರನ್ನು ಅರ್ಧ ಲೋಟ ಸೇರಿಸಿ, ಚೆನ್ನಾಗಿ ಕುದಿಸಿ, ಆರಿಸಿ ಬಡಿಸಿ.